ಉಮಾಶ್ರೀಯವರ ಪಾತ್ರಗಳ ಕುರಿತ ಪಾಡ್‌ಕಾಸ್ಟ್‌ಗಳು: ಬಾಗಲಕೋಟೆಯಿಂದ ಒಂದು ವಿಮರ್ಶೆ

ಕನ್ನಡದಲ್ಲಿ ಸಿನಿಮಾ ಮತ್ತು ಧಾರಾವಾಹಿಗಳನ್ನು ಚರ್ಚಿಸುವ ಪಾಡ್‌ಕಾಸ್ಟ್‌ಗಳಿಗೆ ಈಗ ಕೊರತೆಯಿಲ್ಲ. ಆದರೆ ಅವುಗಳಲ್ಲಿ ಬಹುಪಾಲು ನಾಯಕ, ನಾಯಕಿ, ನಿರ್ದೇಶಕ ಎಂಬ ಮೂವರನ್ನು ಬಿಟ್ಟು ಆಚೆ ಹೋಗುವುದಿಲ್ಲ. ಪೋಷಕ ಪಾತ್ರಗಳಲ್ಲೇ ಹೆಸರು ಮಾಡಿದ ಕಲಾವಿದೆಯೊಬ್ಬರಿಗಾಗಿ ಒಂದು ಇಡೀ ಸಂಚಿಕೆಯನ್ನು ಮೀಸಲಿಡುವವರು ವಿರಳ. ಉಮಾಶ್ರೀಯವರು ಆ ಅದೃಷ್ಟ ಪಡೆದ ಕೆಲವರಲ್ಲಿ ಒಬ್ಬರು. ಅವರ ಕುರಿತ ಸಂಚಿಕೆಗಳನ್ನು ಹುಡುಕಿ ಕೇಳಿದ ಮೇಲೆ ನನಗೆ ಬಂದ ಅಭಿಪ್ರಾಯ ಇಷ್ಟು: ರಂಗಭೂಮಿ ಬಲ್ಲವರು ಕುಳಿತು ಮಾತನಾಡಿದ ಸಂಚಿಕೆಗಳು ಸಮಯ ಕೊಟ್ಟು ಕೇಳುವಂತಿವೆ, ಉಳಿದವು ಪ್ರಶಸ್ತಿ, ರಾಜಕೀಯ ಮತ್ತು ಹಳೆಯ ಹಾಸ್ಯದೃಶ್ಯಗಳ ನೆನಪಿನಲ್ಲಿ ಕಾಲ ಕಳೆಯುತ್ತವೆ. ಕೇವಲ ಕಿವಿಗೆ ತಲುಪುವ ಈ ಮಾಧ್ಯಮ, ಧ್ವನಿಯೇ ದೊಡ್ಡ ಬಂಡವಾಳವಾಗಿರುವ ಕಲಾವಿದೆಯ ಧ್ವನಿಯನ್ನೇ ಚರ್ಚೆಗೆ ಎತ್ತಿಕೊಳ್ಳದಿರುವುದು ನನ್ನ ಮುಖ್ಯ ತಕರಾರು. ಈ ಪಾಡ್‌ಕಾಸ್ಟ್‌ಗಳ ಹೆಸರುಗಳನ್ನು ಇಲ್ಲಿ ಹೇಳುತ್ತಿಲ್ಲ. ಇವನ್ನು ನಡೆಸುವವರಲ್ಲಿ ಹೆಚ್ಚಿನವರು ನೌಕರಿಯ ನಡುವೆ ಬಿಡುವು ಮಾಡಿಕೊಂಡು, ಸ್ವಂತ ಖರ್ಚಿನಲ್ಲಿ ಮೈಕು ಕೊಂಡು ಕುಳಿತ ಹುಡುಗ ಹುಡುಗಿಯರು. ನಾನು ಎತ್ತಿ ತೋರಿಸುವ ಕೊರತೆ ಒಬ್ಬರದಲ್ಲ, ಎಲ್ಲರದೂ ಆಗಿದೆ.

ಬಾಗಲಕೋಟೆ ಜಿಲ್ಲೆಯ ಕೇಳುಗರಿಗೆ ಈ ವಿಷಯದಲ್ಲಿ ಇರುವ ಆಸಕ್ತಿಗೆ ಬೇರೆಯದೇ ಕಾರಣವಿದೆ. ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ ಹುಟ್ಟಿದ ಉಮಾಶ್ರೀಯವರು ಚುನಾವಣೆಗೆ ನಿಂತದ್ದು ನಮ್ಮ ತೇರದಾಳ ಕ್ಷೇತ್ರದಿಂದ. 2008ರಲ್ಲಿ ಸೋತು, 2013ರಲ್ಲಿ ಗೆದ್ದು, ಕನ್ನಡ ಮತ್ತು ಸಂಸ್ಕೃತಿ ಸಚಿವೆಯಾಗಿ, 2018ರಲ್ಲಿ ಮತ್ತೆ ಸೋತರು. 2023ರಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಹೀಗಾಗಿ ರಬಕವಿ, ಬನಹಟ್ಟಿಯ ನೇಕಾರರ ಓಣಿಗಳಲ್ಲಿ ಅವರನ್ನು ಪರದೆಯ ಮೇಲೆ ನೋಡಿದವರಷ್ಟೇ ಪ್ರಚಾರದ ವಾಹನದ ಮೇಲೆ ನೋಡಿದವರೂ ಇದ್ದಾರೆ. ಪಾಡ್‌ಕಾಸ್ಟ್‌ಗಳು ಈ ರಾಜಕೀಯ ಅಧ್ಯಾಯವನ್ನು ಬಿಡುವಂತಿಲ್ಲ, ನಿಜ. ಆದರೆ ಸಿನಿಮಾ ಚರ್ಚೆಯೆಂದು ಹೆಸರಿಟ್ಟ ಸಂಚಿಕೆಯ ಮೂರನೆಯ ಒಂದು ಭಾಗ ಟಿಕೆಟ್, ಖಾತೆ, ಬಣಗಳ ಮಾತಿಗೆ ಹೋದಾಗ, ಅದನ್ನು ಸಿನಿಮಾಕ್ಕಾಗಿ ಹಚ್ಚಿಕೊಂಡ ಕೇಳುಗ ಮುಂದಕ್ಕೆ ಓಡಿಸದೆ ಮತ್ತೇನು ಮಾಡಬೇಕು?

ಮೊದಲು ಚೆನ್ನಾಗಿರುವುದನ್ನು ಹೇಳುತ್ತೇನೆ. ‘ಒಡಲಾಳ’ ನಾಟಕದ ಕುರಿತು ಮಾತು ಹೊರಳಿದಾಗಲೆಲ್ಲ ಸಂಚಿಕೆಗಳ ಮಟ್ಟವೇ ಬೇರೆಯಾಗುತ್ತದೆ. ದೇವನೂರ ಮಹಾದೇವ ಅವರ ಕೃತಿಯನ್ನು ಸಿ.ಜಿ. ಕೃಷ್ಣಸ್ವಾಮಿಯವರು ರಂಗಕ್ಕೆ ತಂದಾಗ, ಕಾಣೆಯಾದ ಹುಂಜವನ್ನು ಹುಡುಕುವ ಮುದುಕಿ ಸಾಕವ್ವನ ಪಾತ್ರ ಉಮಾಶ್ರೀಯವರದಾಗಿತ್ತು. ಆಗ ಅವರು ಇನ್ನೂ ತರುಣಿ. ಎಳೆಯ ನಟಿಯೊಬ್ಬಳಿಗೆ ಮುಪ್ಪು ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಒಂದು ಸಂಚಿಕೆ ಗಂಭೀರವಾಗಿ ಕೈಗೆತ್ತಿಕೊಂಡಿದೆ. ಬೆನ್ನು ಬಗ್ಗಿಸುವುದು, ಕೋಲು ಹಿಡಿಯುವುದು ಯಾರಿಗಾದರೂ ಬರುತ್ತದೆ, ಆದರೆ ವಾಕ್ಯದ ನಡುವೆ ಉಸಿರು ಎಲ್ಲಿ ಮುಗಿಯಬೇಕು, ಸಿಟ್ಟು ಬಂದಾಗ ಮುದುಕಿಯ ದನಿ ಏರುವ ಮೊದಲು ಹೇಗೆ ಒಡೆಯಬೇಕು ಎಂಬುದನ್ನು ನಟಿ ತಾನೇ ಲೆಕ್ಕ ಹಾಕಿಕೊಳ್ಳಬೇಕಾಗುತ್ತದೆ ಎಂಬ ಅರ್ಥದಲ್ಲಿ ಅಲ್ಲಿನ ಹಿರಿಯ ರಂಗಕರ್ಮಿಯೊಬ್ಬರು ವಿವರಿಸುತ್ತ ಹೋಗುತ್ತಾರೆ. ನಿರೂಪಕರು ಅಡ್ಡ ಬಾಯಿ ಹಾಕದೆ ಬಿಟ್ಟಿದ್ದಾರೆ, ಅದೂ ಒಂದು ಸಂಪಾದನೆಯ ಜಾಣತನವೇ. ಅದೇ ಮಾತಿನ ಮುಂದುವರಿಕೆಯಾಗಿ ಇತ್ತೀಚಿನ ವರ್ಷಗಳಲ್ಲಿ ಅವರು ಏಕವ್ಯಕ್ತಿ ನಾಟಕವಾಗಿ ಆಡಿದ ‘ಶರ್ಮಿಷ್ಠೆ’ಯ ಪ್ರಸ್ತಾಪ ಬರುತ್ತದೆ. ಜತೆಗೆ ಯಾರೂ ಇಲ್ಲದ ರಂಗದ ಮೇಲೆ ಒಂದೇ ಕಂಠ ಹಲವು ಪಾತ್ರಗಳ ಭಾರ ಹೊರುವುದನ್ನು, ಬರೀ ಕಂಠಗಳಿಂದಲೇ ನಡೆಯುವ ಪಾಡ್‌ಕಾಸ್ಟ್‌ನಲ್ಲಿ ಕೇಳುವಾಗ ವಿಷಯ ಮತ್ತು ಮಾಧ್ಯಮ ಒಂದಕ್ಕೊಂದು ಹೊಂದಿಕೊಂಡಂತೆ ಅನಿಸುತ್ತದೆ.

ಇಷ್ಟು ಸೂಕ್ಷ್ಮವಾದ ಕಿವಿ ಹಾಸ್ಯಪಾತ್ರಗಳ ವಿಷಯಕ್ಕೆ ಬಂದಾಗ ಎಲ್ಲಿ ಹೋಗುತ್ತದೆಯೋ ತಿಳಿಯದು. 1984ರಲ್ಲಿ ಕಾಶೀನಾಥ್ ಅವರ ‘ಅನುಭವ’ದಿಂದ ಜನರ ಗಮನಕ್ಕೆ ಬಂದ ಉಮಾಶ್ರೀಯವರು ನಂತರದ ವರ್ಷಗಳಲ್ಲಿ ಎನ್.ಎಸ್. ರಾವ್ ಅವರಂಥ ಹಾಸ್ಯನಟರ ಜೋಡಿಯಾಗಿ ಅನೇಕ ಚಿತ್ರಗಳಲ್ಲಿ ಕಾಣಿಸಿಕೊಂಡರು. ಈ ಕಾಲಘಟ್ಟದ ಬಗ್ಗೆ ಪಾಡ್‌ಕಾಸ್ಟ್‌ಗಳಿಗೆ ಎರಡೇ ದಾರಿ ಗೊತ್ತಿರುವಂತಿದೆ. ಕೆಲವರು ಆ ದ್ವಂದ್ವಾರ್ಥದ ಸಂಭಾಷಣೆಗಳನ್ನು ಮತ್ತೆ ಮತ್ತೆ ಹೇಳಿ ತಾವೇ ನಗುತ್ತಾರೆ. ಇನ್ನು ಕೆಲವರು ಕಲಾವಿದೆಯ ಪರವಾಗಿ ತಾವೇ ಕ್ಷಮೆ ಕೇಳುವವರಂತೆ, ಆಕೆ ಹೊಟ್ಟೆಪಾಡಿಗಾಗಿ ಅವನ್ನು ಮಾಡಬೇಕಾಯಿತೆಂದು ಹೇಳಿ ಮುಂದೆ ಸರಿಯುತ್ತಾರೆ. ಎರಡರಲ್ಲೂ ನಟನೆಯ ಮಾತಿಲ್ಲ. ಕಳಪೆ ಸಂಭಾಷಣೆಯನ್ನು ಒಳ್ಳೆಯ ನಟಿ ಯಾವ ವೇಗದಲ್ಲಿ ಹೇಳಿದರೆ ಅದು ಅಶ್ಲೀಲದ ಗೆರೆ ದಾಟದೆ ನಗೆಯಾಗಿ ಉಳಿಯುತ್ತದೆ, ಎದುರು ನಟನ ಮಾತಿನ ಕೊನೆಯ ಅಕ್ಷರದ ಮೇಲೆ ತನ್ನ ಮಾತನ್ನು ಹೇಗೆ ಏರಿಸಬೇಕು, ಎಲ್ಲಿ ಸುಮ್ಮನಿದ್ದು ನಗು ಬರಿಸಬೇಕು ಎಂಬುದೆಲ್ಲ ವಿದ್ಯೆಯೇ ಅಲ್ಲವೆ?

ನಮ್ಮ ಭಾಗದ ಪ್ರೇಕ್ಷಕನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಒಂದಕ್ಕೊಂದು ಹತ್ತಿಕೊಂಡು ಡೇರೆ ಹಾಕುವ ನಾಟಕ ಕಂಪನಿಗಳಲ್ಲಿ ಗಲ್ಲಾಪೆಟ್ಟಿಗೆ ತುಂಬಿಸುವುದು ಬಹಳ ಸಲ ಹಾಸ್ಯದ ಸ್ತ್ರೀಪಾತ್ರವೇ. ಮೈಕು ಕೈಕೊಟ್ಟರೂ ಹಿಂದಿನ ಸಾಲಿನವರೆಗೆ ಮಾತು ಮುಟ್ಟಿಸುವ, ಕೆಳಗಿನಿಂದ ಯಾರೋ ಎಸೆದ ಮಾತಿಗೆ ಅಲ್ಲೇ ತಿರುಗೇಟು ಕೊಡುವ ಆ ಕಲಾವಿದೆಯರನ್ನು ಕೇಳಿ ಬೆಳೆದವರಿಗೆ, ಉಮಾಶ್ರೀಯವರ ಹಾಸ್ಯದ ಬೇರು ರಂಗದಲ್ಲಿದೆ ಎಂಬುದು ಮೊದಲ ದೃಶ್ಯದಲ್ಲೇ ಗೊತ್ತಾಗುತ್ತದೆ. ಪಾಡ್‌ಕಾಸ್ಟ್‌ಗಳಿಗೆ ಕಂಪನಿ ನಾಟಕದವರನ್ನು ಒಮ್ಮೆಯಾದರೂ ಕರೆದು ಕೂರಿಸಬೇಕೆಂದು ಹೊಳೆದಂತಿಲ್ಲ. ‘ಪುಟ್ನಂಜ’ದ ಪುಟ್ಮಲ್ಲಿಯ ವಿಷಯದಲ್ಲೂ ಹೀಗೆಯೇ ಆಗಿದೆ. 1995ರ ಆ ಚಿತ್ರದಲ್ಲಿ ನಲವತ್ತು ತುಂಬದ ನಟಿ ಹಳ್ಳಿಯ ಮುದುಕಿಯಾಗಿ ನಿಂತು, ರವಿಚಂದ್ರನ್ ಅವರ ಅದ್ದೂರಿ ದೃಶ್ಯಗಳ ನಡುವೆಯೂ ಕಣ್ಣು ತನ್ನ ಮೇಲೆಯೇ ಇರುವಂತೆ ಮಾಡಿದರು. ಸಾಕವ್ವನಿಂದ ಪುಟ್ಮಲ್ಲಿಯವರೆಗೆ ಒಂದು ನೇರ ದಾರಿಯಿದೆ. ಎರಡನ್ನೂ ಹೊಗಳುವವರು ಆ ದಾರಿಯಲ್ಲಿ ಮಾತ್ರ ನಡೆದಿಲ್ಲ.

‘ಗುಲಾಬಿ ಟಾಕೀಸ್’ ಬಗ್ಗೆ ಮಾತ್ರ ಬೇಕಾದಷ್ಟು ಚರ್ಚೆಯಿದೆ, ಬಹುಶಃ ಬೇಕಾದದ್ದಕ್ಕಿಂತ ತುಸು ಹೆಚ್ಚೇ. ವೈದೇಹಿಯವರ ಕಥೆಯಿಂದ ಹೊರಟು ಗಿರೀಶ ಕಾಸರವಳ್ಳಿಯವರು 2008ರಲ್ಲಿ ಮಾಡಿದ ಈ ಚಿತ್ರ ಉಮಾಶ್ರೀಯವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ತಂದುಕೊಟ್ಟಿತು. ಕರಾವಳಿಯ ಮೀನುಗಾರರ ಊರಿನಲ್ಲಿ ಸೂಲಗಿತ್ತಿಯಾಗಿರುವ, ಸಿನಿಮಾ ಎಂದರೆ ಪ್ರಾಣ ಬಿಡುವ ಮುಸ್ಲಿಂ ಮಹಿಳೆಗೆ ಹೆರಿಗೆ ಮಾಡಿಸಿದ್ದಕ್ಕೆ ಪ್ರತಿಯಾಗಿ ಟಿವಿ ಮತ್ತು ಡಿಶ್ ಸಿಗುವುದು, ಅದನ್ನು ನೋಡಲು ಊರ ಹೆಂಗಸರು ಅವಳ ಮನೆಗೆ ಬರುವುದು, ಕಾರ್ಗಿಲ್ ಯುದ್ಧದ ದಿನಗಳಲ್ಲಿ ಅದೇ ಊರು ಅವಳಿಗೆ ಪರಕೀಯವಾಗುವುದು, ಇವಿಷ್ಟೂ ಎಲ್ಲ ಸಂಚಿಕೆಗಳಲ್ಲಿ ಬರುತ್ತವೆ. ದೊಡ್ಡ ದೋಣಿಗಳು ಮತ್ತು ಸಣ್ಣ ಮೀನುಗಾರರ ನಡುವಿನ ಜಗಳ, ಕೋಮು ರಾಜಕೀಯ, ಮಾಧ್ಯಮಗಳ ಪ್ರವೇಶ ಎಂದು ವಿಶ್ಲೇಷಣೆ ಚೆನ್ನಾಗಿಯೇ ಸಾಗುತ್ತದೆ. ಕೇಳುತ್ತ ಕುಳಿತಾಗ ಇದು ಕಾಸರವಳ್ಳಿಯವರ ಬಗ್ಗೆ ಮಾಡಿದ ಸಂಚಿಕೆ ಎಂಬ ಭಾವನೆ ಬಂದರೆ ತಪ್ಪಿಲ್ಲ. ಟಿವಿಯ ಮುಂದೆ ಕುಳಿತ ಗುಲಾಬಿಯ ಮುಖದಲ್ಲಿ ಮಗುವಿನ ಬೆರಗೂ ಯಜಮಾನಿಯ ಹೆಮ್ಮೆಯೂ ಒಟ್ಟಿಗೆ ಹೇಗೆ ಬಂದವು, ಮಾತಿನ ಮಲ್ಲಿಯೆಂದು ಹೆಸರಾದ ನಟಿ ಆ ಚಿತ್ರದಲ್ಲಿ ಎಷ್ಟು ಹೊತ್ತು ಮಾತಿಲ್ಲದೆ ಇದ್ದಾರೆ ಎಂದು ಕೇಳಿದವರು ಒಬ್ಬರೇ, ಅದೂ ಸಂಚಿಕೆ ಮುಗಿಯುವ ಹೊತ್ತಿಗೆ.

ನಮಗೆ ಎಲ್ಲಕ್ಕಿಂತ ಹತ್ತಿರವಾದ ಎರಡು ಚಿತ್ರಗಳಿಗೆ ಸಿಕ್ಕಿರುವ ಸ್ಥಾನ ನೋಡಿ ನನಗೆ ನಿಜಕ್ಕೂ ಬೇಸರವಾಯಿತು. ಒಂದು, ಕುಂ. ವೀರಭದ್ರಪ್ಪನವರ ಕಥೆಯನ್ನು ಆಧರಿಸಿ ನಾಗತಿಹಳ್ಳಿ ಚಂದ್ರಶೇಖರ ಅವರು ನಿರ್ದೇಶಿಸಿದ ‘ಕೊಟ್ರೇಶಿ ಕನಸು’. ಓದಬೇಕೆಂಬ ದಲಿತ ಹುಡುಗನ ಹಂಬಲದ ಕಥೆಯಲ್ಲಿ ಉಮಾಶ್ರೀಯವರೂ ಕರಿಬಸವಯ್ಯನವರೂ ಇದ್ದಾರೆ. ಇನ್ನೊಂದು, ಅಮರೇಶ ನುಗಡೋಣಿಯವರ ಕಥೆಯಿಂದ ಕಾಸರವಳ್ಳಿಯವರು ಮಾಡಿದ ‘ಕನಸೆಂಬೋ ಕುದುರೆಯನೇರಿ’. ಗೋರಿ ತೋಡುವ ಈರ್‍ಯಾನ ಕನಸಿನಲ್ಲಿ ಸಿದ್ಧ ಬಂದರೆ ಊರಲ್ಲಿ ಸಾವಾಗುತ್ತದೆಂಬ ನಂಬಿಕೆ, ವಾಡೆಯಲ್ಲಿ ಸಾವನ್ನೇ ಮುಚ್ಚಿಡುವ ಸಂಚು, ಇವುಗಳ ನಡುವೆ ವೈಜನಾಥ ಬಿರಾದಾರರ ಈರ್‍ಯಾನಿಗೆ ಹೆಂಡತಿ ರುದ್ರಿಯಾಗಿ ಉಮಾಶ್ರೀಯವರು ನಟಿಸಿದ್ದಾರೆ. ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ ಈ ಚಿತ್ರಕ್ಕೆ ಹೆಚ್ಚಿನ ಪಾಡ್‌ಕಾಸ್ಟ್‌ಗಳು ಕೊಟ್ಟದ್ದು ಕೆಲವೇ ನಿಮಿಷ.

ಈ ಎರಡೂ ಚಿತ್ರಗಳಲ್ಲಿ ಅವರು ಆಡಿದ್ದು ತಮ್ಮ ಹುಟ್ಟೂರಿನ ಕನ್ನಡವನ್ನಲ್ಲ. ತುಮಕೂರಿನ ಕಡೆಯ ನಾಲಿಗೆ ಬಡಗಣ ಸೀಮೆಯ ಮಾತಿಗೆ ತಿರುಗುವಾಗ ಎಲ್ಲಿ ಸಹಜವಾಗಿದೆ, ಎಲ್ಲಿ ಕಲಿತದ್ದೆಂದು ಗೊತ್ತಾಗುತ್ತದೆ ಎಂಬ ಪ್ರಶ್ನೆ ನಮ್ಮ ಕಡೆಯ ಯಾವ ಪ್ರೇಕ್ಷಕನಿಗೂ ಮೊದಲು ಹೊಳೆಯುವಂಥದು. ರುದ್ರಿಯ ಮಾತಿನಲ್ಲಿ ಶಬ್ದಗಳಿಗಿಂತ ರಾಗ ಹೆಚ್ಚು ನಿಜವಾಗಿ ಬಂದಿದೆ ಎಂಬುದು ನನ್ನ ಅನಿಸಿಕೆ: ಗಂಡನನ್ನು ಬೈಯುವಾಗ ಕೊನೆಯ ಸ್ವರವನ್ನು ಎಳೆದು ಬಿಡುವ ರೀತಿಯಲ್ಲಿ ಬೈಗುಳವೂ ಅಕ್ಕರೆಯೂ ಕೂಡಿಯೇ ಕೇಳಿಸುತ್ತವೆ. ಸ್ಟುಡಿಯೋದಲ್ಲಿ ಕುಳಿತವರು ಇದನ್ನೆಲ್ಲ ‘ಉತ್ತರ ಕರ್ನಾಟಕದ ಭಾಷೆ’ ಎಂಬ ಒಂದೇ ಗಂಟಿನಲ್ಲಿ ಕಟ್ಟಿ, ತಾವೂ ಒಂದೆರಡು ಮಾತು ಅನುಕರಿಸಿ ನಕ್ಕು ಮುಗಿಸುತ್ತಾರೆ. ಬಳ್ಳಾರಿ ಸೀಮೆಯ ಮಾತಿಗೂ ವಿಜಯಪುರದ ಮಾತಿಗೂ ಬೆಳಗಾವಿಯ ಮಾತಿಗೂ ಇರುವ ಅಂತರ ಹೇಳಬಲ್ಲ ಒಬ್ಬ ಅತಿಥಿಯನ್ನು ಫೋನಿನಲ್ಲಿಯಾದರೂ ಸೇರಿಸಿಕೊಂಡಿದ್ದರೆ ಈ ಭಾಗ ಇಡೀ ಸಂಚಿಕೆಯ ತಿರುಳಾಗುತ್ತಿತ್ತು.

ಕಿರುತೆರೆಯ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. 2021ರ ಡಿಸೆಂಬರಿನಲ್ಲಿ ಜೀ ಕನ್ನಡದಲ್ಲಿ ಆರಂಭವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ತಾಯಿಯಾಗಿ ಅವರು ಹೊಸ ತಲೆಮಾರಿನ ಮನೆಮಾತಾದರು. ಇದಕ್ಕೆ ಸಂಬಂಧಿಸಿದ ಸಂಚಿಕೆಗಳು ಆ ವಾರದ ಕಥೆಯನ್ನು ಮತ್ತೊಮ್ಮೆ ಒಪ್ಪಿಸುವುದರಲ್ಲೇ ಮುಗಿಯುತ್ತವೆ. ಧಾರಾವಾಹಿ ನೋಡಿದವರಿಗೆ ಬೇಡ, ನೋಡದವರಿಗೆ ಅರ್ಥವಾಗದು. ತೆರೆಯ ಮೇಲೆ ದಿನವೂ ಅಳಬೇಕಾದ ಪಾತ್ರವನ್ನು ರಂಗದ ನಟಿ ಹೇಗೆ ಹದ ತಪ್ಪದಂತೆ ನಡೆಸುತ್ತಾರೆ ಎಂಬ ಒಳ್ಳೆಯ ಚರ್ಚೆಗೆ ಇಲ್ಲಿ ಜಾಗವಿತ್ತು.

ತಾಂತ್ರಿಕವಾಗಿ ನೋಡಿದರೆ ಧ್ವನಿಯ ಗುಣಮಟ್ಟ ಒಂದೇ ಸಮನಾಗಿಲ್ಲ. ಇಬ್ಬರು ಹತ್ತಿರದ ಮೈಕಿನಲ್ಲಿ, ಮೂರನೆಯವರು ಬಾವಿಯೊಳಗಿಂದ ಮಾತನಾಡಿದಂತೆ ಕೇಳುವ ಸಂಚಿಕೆಗಳನ್ನು ಗದ್ದನಕೇರಿ ಕ್ರಾಸ್ ದಾಟಿ ಲೋಕಾಪುರ, ಮುಧೋಳದ ಕಡೆ ಓಡುವ ಬಸ್ಸಿನಲ್ಲಿ ಕೇಳುವುದು ಕಷ್ಟ. ಬನಹಟ್ಟಿಯಲ್ಲಿ ಪವರ್‌ಲೂಮ್ ಪಕ್ಕದಲ್ಲಿ ಕುಳಿತು ಕೇಳುವವರ ಪಾಡು ಹೇಳುವುದೇ ಬೇಡ. ಧಾರವಾಡ ಆಕಾಶವಾಣಿಯ ನಾಟಕಗಳನ್ನು ಕೇಳಿ ಬೆಳೆದ ಕಿವಿಗೆ ಈ ಅಜಾಗರೂಕತೆ ಹೆಚ್ಚು ಚುಚ್ಚುತ್ತದೆ, ಏಕೆಂದರೆ ಅಲ್ಲಿ ಬಾಗಿಲು ತೆರೆದ ಸದ್ದಿಗೂ ಅಳತೆಯಿರುತ್ತಿತ್ತು. ದಾರಿಯಲ್ಲಿ ನೆಟ್‌ವರ್ಕ್ ಬಿಟ್ಟು ಬಿಟ್ಟು ಬರುವುದರಿಂದ ಹೊರಡುವ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳುವುದು ಒಳ್ಳೆಯದು. ಹುಡುಕುವಾಗ ಕಲಾವಿದೆಯ ಹೆಸರನ್ನು ಕನ್ನಡ ಲಿಪಿಯಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರಗಳಲ್ಲಿ ಒಮ್ಮೆ ಕೊಟ್ಟು ನೋಡಬೇಕು, ಎರಡಕ್ಕೂ ಬೇರೆ ಬೇರೆ ಫಲಿತಾಂಶ ಬರುತ್ತದೆ. ಹೆಚ್ಚಿನ ಸಂಚಿಕೆಗಳಲ್ಲಿ ಯಾವ ಚಿತ್ರದ ಮಾತು ಎಷ್ಟನೆಯ ನಿಮಿಷದಲ್ಲಿದೆ ಎಂಬ ಸೂಚಿಯಿಲ್ಲ. ಒಂದೂವರೆ ಗಂಟೆಯ ಹರಟೆಯಲ್ಲಿ ಬೇಕಾದ ಹತ್ತು ನಿಮಿಷ ಹುಡುಕುವ ಹೊರೆ ಕೇಳುಗನ ತಲೆಗೇ ಬೀಳುತ್ತದೆ. ಕೇಳಲು ಹಣವೇನೂ ಬೇಕಿಲ್ಲ. ಜಾಹೀರಾತುಗಳು ಬರುತ್ತವೆ, ಸಹಿಸುವಷ್ಟಿವೆ.

ಮೊದಲ ಸಲ ಕೇಳುವವರು ‘ಒಡಲಾಳ’ ಮತ್ತು ರಂಗಭೂಮಿಯ ಮಾತಿರುವ ಸಂಚಿಕೆಯಿಂದ ಆರಂಭಿಸಲಿ, ಅತಿಥಿ ರಂಗಕರ್ಮಿಯಾಗಿದ್ದರೆ ಇನ್ನೂ ಒಳ್ಳೆಯದು. ‘ಗುಲಾಬಿ ಟಾಕೀಸ್’ ಕುರಿತು ಯಾವುದಾದರೂ ಒಂದನ್ನು ಕೇಳಿದರೆ ಸಾಕು, ಎರಡನೆಯದರಲ್ಲಿ ಹೊಸದೇನೂ ಸಿಗದು. ಹಾಸ್ಯಚಿತ್ರಗಳ ಸಂಚಿಕೆಗಳನ್ನು ಬಿಟ್ಟು, ಆ ಹೊತ್ತಿನಲ್ಲಿ ಚಿತ್ರವನ್ನೇ ನೋಡುವುದು ಲೇಸು. ಉಳಿದಂತೆ ‘ಕನಸೆಂಬೋ ಕುದುರೆಯನೇರಿ’ಗೆ ಒಂದು ಪೂರ್ಣ ಸಂಚಿಕೆಯನ್ನು ಬೆಂಗಳೂರಿನವರು ಮಾಡಲೆಂದು ಕಾಯುವ ಬದಲು ವಿಜಯಪುರ ಅಥವಾ ಬಾಗಲಕೋಟೆಯ ಕಾಲೇಜು ಹುಡುಗರೇ ಒಂದು ಮೊಬೈಲು, ಒಂದು ಮೈಕು ಹಿಡಿದು ಮಾಡಬಹುದು, ರುದ್ರಿಯ ಮಾತು ಎಲ್ಲಿ ನಮ್ಮದಾಗಿದೆ, ಎಲ್ಲಿ ಆಗಿಲ್ಲ ಎಂದು ತಿಳಿಸಿ ಹೇಳಲು ಅವರಿಗೆ ಹೊರಗಿನ ಅತಿಥಿಯೂ ಬೇಕಾಗುವುದಿಲ್ಲ.