ಮಂಡ್ಯ–ಮೈಸೂರು ಮೆಮು: ಸಣ್ಣ ನಿಲ್ದಾಣಗಳಿಗೆ ಒಪ್ಪುವ ಗಾಡಿ

ಮಂಡ್ಯದಿಂದ ಮೈಸೂರಿಗೆ ನಿತ್ಯ ಓಡಾಡುವವರು ಮೆಮು ರೈಲನ್ನು (ಮುಖ್ಯ ಮಾರ್ಗಗಳಲ್ಲಿ ಓಡುವ, ಬೇರೆ ಎಂಜಿನ್ ಇಲ್ಲದ ವಿದ್ಯುತ್ ಗಾಡಿ) ಎಕ್ಸ್‌ಪ್ರೆಸ್ ಗಾಡಿಯೊಂದಿಗೆ ಹೋಲಿಸಿ ನಿಧಾನವೆನ್ನುವುದುಂಟು. ಈ ಹೋಲಿಕೆ ಸರಿಯಲ್ಲ, ಏಕೆಂದರೆ ಮೆಮುವಿನ ವಂಶವೇ ಬೇರೆ. 1925ರ ಫೆಬ್ರವರಿ 3ರಂದು ಮುಂಬಯಿಯ ಅಂದಿನ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ 1,500 ವೋಲ್ಟ್ ಡಿ.ಸಿ. ವಿದ್ಯುತ್ತಿನಲ್ಲಿ ಹೊರಟ ಲೋಕಲ್ ಗಾಡಿಯೇ ನಮ್ಮ ದೇಶದಲ್ಲಿ ಈ ಕುಲದ ಮೂಲ. ಎಳೆಯಲು ಬೇರೆ ಎಂಜಿನ್ ಇಲ್ಲದೆ, ಪ್ರಯಾಣಿಕರು ಕೂರುವ ಕೆಲವು ಬೋಗಿಗಳ ಅಡಿಯಲ್ಲೇ ಮೋಟಾರುಗಳನ್ನಿಟ್ಟ ಆ ಏರ್ಪಾಡನ್ನು 25,000 ವೋಲ್ಟ್ ಎ.ಸಿ. ತಂತಿಯ ಮುಖ್ಯ ಮಾರ್ಗಗಳಿಗೆ ಹೊಂದಿಸಿ, 1990ರ ದಶಕದಲ್ಲಿ ಮೆಮುವನ್ನು ಓಡಿಸತೊಡಗಿದರು. ತಗ್ಗಿನ ಪ್ಲಾಟ್‌ಫಾರ್ಮ್‌ಗಳಲ್ಲೂ ಹತ್ತಿಳಿಯಬೇಕಾದ್ದರಿಂದ ಇದರ ಬಾಗಿಲುಗಳಿಗೆ ಮೆಟ್ಟಿಲುಗಳೂ ಬಂದವು.

ನಮ್ಮ ಹಳಿಗೆ ಈ ಗಾಡಿ ಬರುವುದು ತಡವಾಯಿತು. 1882ರಲ್ಲಿ ಮೈಸೂರು ಮುಟ್ಟಿದ ಮೀಟರ್ ಗೇಜ್ ಮಾರ್ಗ ಬ್ರಾಡ್ ಗೇಜ್ ಆದದ್ದು 1990ರ ದಶಕದಲ್ಲಿ. ಜೋಡಿ ಹಳಿಯ ಕೆಲಸ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಮದ್ದಿನಮನೆಯ ಬಳಿ ಬಹುಕಾಲ ನಿಂತು, 2017ರಲ್ಲಿ ಆ ಕಟ್ಟಡವನ್ನು ಇಡಿಯಾಗಿ ಪಕ್ಕಕ್ಕೆ ಸರಿಸಿದ ಬಳಿಕವೇ ಮುಂದುವರಿಯಿತು. (ಕೆಡವದೆ ಸರಿಸಿದ್ದು ಮೆಚ್ಚತಕ್ಕ ಕೆಲಸ.)

ಮೆಮುವಿನ ನಿಜವಾದ ಗುಣ ತಿಳಿಯುವುದು ಯಲಿಯೂರು, ಬ್ಯಾಡರಹಳ್ಳಿ, ಪಾಂಡವಪುರ, ನಾಗನಹಳ್ಳಿಯಂಥ ನಿಲ್ದಾಣಗಳಲ್ಲಿ. ಒಂದೇ ಎಂಜಿನ್ ಇಡೀ ಗಾಡಿಯನ್ನು ಎಳೆಯುವಾಗ ಪ್ರತಿ ನಿಲುಗಡೆಯ ನಂತರ ವೇಗ ಕೂಡಲು ಹಿಡಿಯುವ ಹೊತ್ತು ಇಲ್ಲಿ ಉಳಿಯುತ್ತದೆ. ಶಕ್ತಿ ಹಲವು ಬೋಗಿಗಳಿಗೆ ಹಂಚಿಹೋಗಿರುವುದರಿಂದ ಗಾಡಿ ಬೇಗ ಓಟಕ್ಕೆ ಬೀಳುತ್ತದೆ. ಎರಡೂ ತುದಿಯಲ್ಲಿ ಚಾಲಕನ ಕೋಣೆ ಇರುವುದರಿಂದ ಕೊನೆಯ ನಿಲ್ದಾಣದಲ್ಲಿ ಎಂಜಿನ್ ತಿರುಗಿಸಿ ಜೋಡಿಸುವ ಗೋಜಿಲ್ಲ. ಹೊಸ ತ್ರೀ-ಫೇಸ್ ಮೋಟಾರಿನ ಗಾಡಿಗಳಂತೂ ಬ್ರೇಕ್ ಹಾಕಿದಾಗ ಹುಟ್ಟುವ ವಿದ್ಯುತ್ತನ್ನು ತಂತಿಗೇ ಮರಳಿಸುತ್ತವೆ.

ಕೊರತೆ ಇರುವುದು ಆಸನದಲ್ಲಿ. ನಿಲ್ಲುವವರಿಗೆ ಹೆಚ್ಚು ಜಾಗ ಬಿಟ್ಟು ರೂಪಿಸಿದ ಬೋಗಿಯಾದ್ದರಿಂದ ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿ.ಮೀ. ಸಲೀಸಾಗಿ ಕಳೆಯುತ್ತದೆ, ಆದರೆ ಮೈಸೂರಿನಿಂದ ಬೆಂಗಳೂರಿನ ತನಕ 138 ಕಿ.ಮೀ. ಪೂರ್ತಿ ಅದರಲ್ಲೇ ಕೂರುವುದು ಬೆನ್ನಿಗೆ ಹಿತವಲ್ಲ. ಮುಂಗಡ ಕಾಯ್ದಿರಿಸುವ ಸೌಲಭ್ಯವೂ ಇಲ್ಲದ ಕಾರಣ, ವಯಸ್ಸಾದವರನ್ನು ಕರೆದುಕೊಂಡು ಬೆಂಗಳೂರಿಗೆ ಹೊರಟವರು ಎಕ್ಸ್‌ಪ್ರೆಸ್ ಹಿಡಿಯುವುದೇ ಒಳ್ಳೆಯದು. ಪಾಂಡವಪುರದಿಂದ ಮೈಸೂರಿನ ಕಾಲೇಜಿಗೋ ಕೆಲಸಕ್ಕೋ ಹೋಗುವವರಿಗೆ ಮಾತ್ರ ಮಾಸಿಕ ಪಾಸಿನೊಂದಿಗೆ ಮೆಮುವನ್ನೇ ಶಿಫಾರಸು ಮಾಡುತ್ತೇನೆ.