ಕಾನ್ಫರೆನ್ಸ್ ಹೌಸಿಂಗ್ ಡೆಸ್ಕ್ ಅಂತ ಫೋನ್ ಬಂದ್ರೆ ಕಟ್ ಮಾಡಿ, ನನಗೆ ಟೋಪಿ ಹಾಕಿದಾರೆ

ಇಂಟರ್‌ಪ್ರಿಟರ್‌ಗಳ (ಆಡಿದ ಮಾತನ್ನ ಅಲ್ಲೇ ಬೇರೆ ಭಾಷೆಗೆ ಹೇಳೋರ) ಕಾನ್ಫರೆನ್ಸ್‌ಗೆ ಹೊರಟಿರೋರು, ಅದರಲ್ಲೂ ಸ್ಪೀಕರ್ ಲಿಸ್ಟಲ್ಲಿ ಹೆಸರು ಬಂದಿರೋರು, ದಯವಿಟ್ಟು ಇದನ್ನ ಪೂರ್ತಿ ಓದಿ. "ನಾವು ಕಾನ್ಫರೆನ್ಸ್ ಹೌಸಿಂಗ್ ಡೆಸ್ಕಿಂದ ಮಾತಾಡ್ತಿರೋದು, ನಿಮ್ಮ ರೂಮ್ ಇನ್ನೂ ಕನ್ಫರ್ಮ್ ಆಗಿಲ್ಲ" ಅಂತ ಫೋನ್ ಬಂದ್ರೆ ಅಲ್ಲೇ ಕಟ್ ಮಾಡಿ. ಇವರು ಕಾನ್ಫರೆನ್ಸ್ ನಡೆಸೋ ಸಂಘದೋರಲ್ಲ, ಹೋಟೆಲಿನೋರೂ ಅಲ್ಲ. ಮಧ್ಯದಲ್ಲಿ ನುಗ್ಗಿ ದುಡ್ಡು ಹೊಡ್ಕೊಳ್ಳೋ ಏಜೆನ್ಸಿ.

ನನಗೆ ಫೋನ್ ಮಾಡಿದೋನು ಎಷ್ಟು ನಯವಾಗಿ ಮಾತಾಡ್ದ ಅಂದ್ರೆ ನನ್ನ ಹೆಸರು ಗೊತ್ತು, ನನ್ನ ಸೆಷನ್ ಯಾವ ದಿನ ಅಂತ ಗೊತ್ತು, ರಿಮೋಟ್ ಇಂಟರ್‌ಪ್ರಿಟಿಂಗ್‌ನಲ್ಲಿ ಆಗೋ ಆಯಾಸದ ಬಗ್ಗೆ ಮಾತಾಡ್ತಿದೀನಿ ಅನ್ನೋದೂ ಗೊತ್ತು, "ಒಳ್ಳೆ ವಿಷಯ ಮೇಡಂ" ಅಂತ ಬೆಣ್ಣೆ ಬೇರೆ ಹಚ್ಚಿದ. ಇದೆಲ್ಲ ಪ್ರೋಗ್ರಾಂನಲ್ಲೇ ಹಾಕಿರ್ತಾರೆ, ಯಾರು ಬೇಕಾದ್ರೂ ನೋಡಬಹುದು, ಅಲ್ಲಿಂದಲೇ ಎತ್ಕೊಂಡಿರೋದು. ಕಾನ್ಫರೆನ್ಸ್‌ಗೆ ಅಂತ ಹೋಟೆಲಲ್ಲಿ ಹಿಡಿದಿಟ್ಟಿರೋ ರೂಮುಗಳ ಬ್ಲಾಕ್ ತುಂಬ್ತಾ ಬಂದಿದೆ, ಬುಕ್ ಮಾಡೋ ಕಟ್-ಆಫ್ ಡೇಟ್ ಹತ್ರ ಬಂತು, ಇವತ್ತೇ ಕಾರ್ಡ್ ಡೀಟೇಲ್ಸ್ ಕೊಟ್ರೆ ಸ್ಪೀಕರ್ ರೇಟಲ್ಲಿ ಆಗತ್ತೆ ಅಂದ. ಕಟ್-ಆಫ್ ಡೇಟ್ ಹತ್ರ ಇದ್ದಿದ್ದು ನಿಜಾನೇ. ಅದಕ್ಕೇ ಅನುಮಾನ ಬರಲಿಲ್ಲ. ಇಮೇಲಲ್ಲಿ ಬಂದ ಫಾರ್ಮಿನ ಮೇಲೆ ಕಾನ್ಫರೆನ್ಸ್ ಲೋಗೋ, ಕೆಳಗೆ ಹೋಟೆಲ್ ಫೋಟೋ, ಎಲ್ಲಾ ಸರಿಯಾಗಿತ್ತು. ಜೊತೆಗೆ ಬರ್ತಿದ್ದ, ಒಂದೇ ಬೂತಲ್ಲಿ ಕೂತು ನನ್ನ ಜೊತೆ ಕೆಲಸ ಮಾಡೋ ಬೂತ್‌ಮೇಟ್‌ಗೂ ಸೇರಿಸಿ ಟ್ವಿನ್ ರೂಮ್ ಬುಕ್ ಮಾಡ್ದೆ, ಪೂರ್ತಿ ದುಡ್ಡು ಆಗಲೇ ಕಟ್ ಆಯ್ತು.

ಫ್ರೀಲಾನ್ಸ್ ಮಾಡೋರಿಗೆ ಈ ಹೊಟ್ಟೆಯುರಿ ಅರ್ಥ ಆಗತ್ತೆ. ಕೆಲಸಕ್ಕೆ ಅಂತ ಬೇರೆ ಊರಿಗೆ ಹೋದ್ರೆ ಪ್ರಯಾಣ, ವಸತಿ, ದಿನಭತ್ಯೆ ಎಲ್ಲಾ ಕರಾರಿನಲ್ಲಿ ಬರೆಸ್ಕೋತೀವಿ, 1953ರಲ್ಲಿ ಹುಟ್ಟಿದ ಎಐಐಸಿ (ಕಾನ್ಫರೆನ್ಸ್ ಇಂಟರ್‌ಪ್ರಿಟರ್‌ಗಳ ಅಂತರರಾಷ್ಟ್ರೀಯ ಸಂಘ) ಥರದ ಸಂಘಗಳು ಇವಕ್ಕೆಲ್ಲ ಒಂದು ಪದ್ಧತಿ ಅಂತ ಮಾಡಿಟ್ಟಿವೆ. ಕಾನ್ಫರೆನ್ಸ್‌ಗೆ ಹೋಗೋದು ಮಾತ್ರ ಪೂರ್ತಿ ನಮ್ಮ ಜೇಬಿಂದ, ಮೇಲಿಂದ ಆ ದಿನಗಳ ಕೆಲಸಾನೂ ಬಿಟ್ಟಿರ್ತೀವಿ.

ಸರಿ, ರಾತ್ರಿ ವಿಮಾನ ಇಳಿದು, ನಿದ್ದೆಗೆಟ್ಟ ಮುಖ ಹೊತ್ಕೊಂಡು ಇಬ್ಬರೂ ರಿಸೆಪ್ಷನ್‌ಗೆ ಹೋದ್ವಿ. ಕೌಂಟರಲ್ಲಿದ್ದ ಹುಡುಗಿ ಹೆಸರು ಟೈಪ್ ಮಾಡಿದ್ಲು, ಇಲ್ಲ ಅಂದ್ಲು. ಸರ್‌ನೇಮ್ ಮೊದಲು ಹಾಕಿ ನೋಡಿದ್ಲು, ಇಲ್ಲ. ಪಾಸ್‌ಪೋರ್ಟ್ ಇಸ್ಕೊಂಡು ಅದರಲ್ಲಿರೋ ಸ್ಪೆಲ್ಲಿಂಗ್ ಒಂದೊಂದೇ ಅಕ್ಷರ ಹೊಡೆದು ನೋಡಿದ್ಲು, ಆಗಲೂ ಇಲ್ಲ. ನಾನು ಪ್ರಿಂಟ್ ತೆಗೆದಿಟ್ಟಿದ್ದ ಕನ್ಫರ್ಮೇಷನ್ ಮುಂದಿಟ್ಟೆ. ಅದನ್ನ ನೋಡಿ ಒಂದ್ ಸಲ ನನ್ನ ಮುಖ ನೋಡಿದ್ಲಲ್ಲ, ಆ ನೋಟ ನಾನು ಮರೆಯಲ್ಲ. "ಈ ನಂಬರ್ ನಮ್ಮದಲ್ಲ ಮೇಡಂ, ಏಜೆನ್ಸಿಯೋರು ಅವರದೇ ನಂಬರ್ ಹಾಕಿ ಕೊಟ್ಟಿದಾರೆ." ಮ್ಯಾನೇಜರ್ ಬಂದು ಹುಡುಕಿದಾಗ ಗೊತ್ತಾಯ್ತು, ಆ ಏಜೆನ್ಸಿ ಹೆಸರಲ್ಲಿ ಒಂದಷ್ಟು ರೂಮ್ ಹಿಡಿದಿಟ್ಟಿದ್ರಂತೆ, ಆಮೇಲೆ ಅವರೇ ಕ್ಯಾನ್ಸಲ್ ಮಾಡಿದಾರೆ, ಹೋಟೆಲಿಗೆ ನಮ್ಮ ದುಡ್ಡು ಬಂದೇ ಇಲ್ಲ. ಹೋಟೆಲ್ ಫುಲ್. ಹಿಂದೆ ಕ್ಯೂನಲ್ಲಿ ನಿಂತಿದ್ದೋರಲ್ಲಿ ಎಷ್ಟೋ ಜನ ಪರಿಚಯದೋರೇ, ಎಲ್ಲಾ ಕೇಳಿಸ್ಕೊಂಡ್ರು. ಕೇಳಿಸ್ಕೊಳ್ಳೋದೇ ಕಸುಬಾಗಿರೋ ಜನ ಬೇರೆ! ಬೂತ್‌ಮೇಟ್ ಒಂದು ಮಾತೂ ಆಡಲಿಲ್ಲ, ಬೈದಿದ್ರೇ ಚೆನ್ನಾಗಿರ್ತಿತ್ತು. ದೂರದಲ್ಲಿ ಎಲ್ಲೋ ಎರಡು ಪಟ್ಟು ರೇಟಿಗೆ ರೂಮ್ ಸಿಕ್ತು. ಮರುದಿನ ನನ್ನ ಸೆಷನ್ ಮುಗಿದ್ಮೇಲೆ ಪ್ರಶ್ನೆಗಳಿದ್ರೆ ಕೇಳಿ ಅಂದ್ರೆ, ಕೆಳಗಿಳಿದ ತಕ್ಷಣ ಬಂದ ಮೊದಲನೇ ಪ್ರಶ್ನೆ "ರೂಮ್ ಸಿಕ್ತಾ?"

ಈಗ ಏಜೆನ್ಸಿಯೋರ ಉತ್ತರ ಕೇಳಿ. ರಿಸೆಪ್ಷನ್ನಿಂದಲೇ ಫೋನ್ ಮಾಡಿದಾಗ "ಸಿಸ್ಟಮಲ್ಲಿ ಕನ್ಫರ್ಮ್ಡ್ ಅಂತಲೇ ತೋರಿಸ್ತಿದೆ ಮೇಡಂ, ಹೋಟೆಲಿನೋರು ಸರಿಯಾಗಿ ನೋಡ್ತಿಲ್ಲ" ಅಂದ್ರು. ಮ್ಯಾನೇಜರ್ ಕೈಗೆ ಫೋನ್ ಕೊಟ್ಟೆ, ಲೈನ್ ಕಟ್. ಮತ್ತೆ ಮಾಡಿದ್ರೆ ಬೇರೆ ಯಾರೋ, ಮೊದಲಿಂದ ಎಲ್ಲಾ ಹೇಳ್ಬೇಕು. ನೀವು ಕಾನ್ಫರೆನ್ಸ್‌ನೋರು ಅಂತ ಸುಳ್ಳು ಹೇಳಿದ್ರಿ ಅಂತ ಮೇಲ್ ಬರೆದ್ರೆ "ನಮ್ಮ ಟರ್ಮ್ಸ್‌ನಲ್ಲಿ ಯಾವುದೇ ಕಾರ್ಯಕ್ರಮದ ಜೊತೆ ಸಂಬಂಧ ಇಲ್ಲ ಅಂತ ಸ್ಪಷ್ಟವಾಗಿ ಇದೆ, ನೀವು ಒಪ್ಪಿ ಸೈನ್ ಮಾಡಿದೀರಿ" ಅಂತ ಉತ್ತರ. ಲೋಗೋ ಯಾಕೆ ಹಾಕಿದ್ರಿ ಅಂದ್ರೆ "ಮಾಹಿತಿಗಾಗಿ" ಅಂತೆ. ಮಾಹಿತಿಗಾಗಿ! ರೀಫಂಡ್ ಕೇಳಿದ್ರೆ "ನೀವು ಚೆಕ್-ಇನ್ ಮಾಡದೇ ಇರೋದ್ರಿಂದ ನೋ-ಶೋ ಅಂತ ಪರಿಗಣಿಸಲಾಗಿದೆ." ರೂಮೇ ಇಲ್ಲದ ಹೋಟೆಲಲ್ಲಿ ನಾನು ನೋ-ಶೋ ಅಂತೆ. ಮೈಯೆಲ್ಲಾ ಉರೀತು. ಕೊನೆಗೆ ಬಂದ ಮೇಲಲ್ಲಿ ಸಮಸ್ಯೆ ಬಗೆಹರಿದಿದೆ, ಟಿಕೆಟ್ ಕ್ಲೋಸ್ ಮಾಡಲಾಗಿದೆ, ರೇಟಿಂಗ್ ಕೊಡಿ ಅಂತಿತ್ತು.

ಸಂಘದೋರ ಮೇಲೂ ನನಗೆ ಸಿಟ್ಟಿದೆ. ಇಂಥ ಏಜೆನ್ಸಿಗಳು ಪ್ರತಿ ದೊಡ್ಡ ಕಾನ್ಫರೆನ್ಸಿನ ಬೆನ್ನು ಹತ್ತೋದು ಅವರಿಗೆ ಗೊತ್ತು, ಎಚ್ಚರಿಕೆ ಹಾಕಿದ್ವಿ ಅಂತಾರೆ, ಎಲ್ಲಿ ಅಂದ್ರೆ ವೆನ್ಯೂ ಪೇಜಿನ ತಳದಲ್ಲಿ ಸಣ್ಣ ಅಕ್ಷರದಲ್ಲಿ. ಸ್ಪೀಕರ್‌ಗಳಿಗೆ ಸ್ಲೈಡ್ ಕಳಿಸಿ ಸ್ಲೈಡ್ ಕಳಿಸಿ ಅಂತ ಸಾಲುಸಾಲು ಮೇಲ್ ಬರತ್ತೆ, ಇದೊಂದು ಮೇಲ್ ಕಳಿಸೋಕೆ ಏನಾಗಿತ್ತು? ಅವರಿಗೂ ನಷ್ಟಾನೇ ಇದು. ಹೋಟೆಲ್ ಜೊತೆ ಇಷ್ಟು ರೂಮ್ ತುಂಬಿಸ್ತೀವಿ ಅಂತ ಒಪ್ಪಂದ ಆಗಿರತ್ತೆ, ಹೇಳಿದಷ್ಟು ತುಂಬದೇ ಇದ್ರೆ ಬಾಕಿ ರೂಮಿನ ದುಡ್ಡು ಎಷ್ಟೋ ಸಲ ಸಂಘದ ತಲೆ ಮೇಲೇ ಬೀಳತ್ತೆ. ನಾವು ಹೊರಗಿನೋರ ಹತ್ರ ಬುಕ್ ಮಾಡಿದಷ್ಟೂ ಆ ಬ್ಲಾಕ್ ಖಾಲಿ ಬಿದ್ದಿರತ್ತೆ.

ಅಧಿಕೃತ ಸೈಟಲ್ಲಿರೋ ಲಿಂಕಿಂದಲೇ ಬುಕ್ ಮಾಡಿ. ಆಮೇಲೆ ಹೋಟೆಲಿಗೇ ಫೋನ್ ಮಾಡಿ, ನಂಬರನ್ನ ಬಂದಿರೋ ಇಮೇಲಿಂದ ತಗೋಬೇಡಿ, ನೀವೇ ಹುಡುಕಿ ತಗೊಳ್ಳಿ, ಹೋಟೆಲಿನದೇ ಕನ್ಫರ್ಮೇಷನ್ ನಂಬರ್ ಏನು ಅಂತ ಕೇಳಿ ಬರ್ಕೊಳ್ಳಿ. ಬ್ಯಾಂಕ್ ಟ್ರಾನ್ಸ್‌ಫರ್ ಅಂತೂ ಬೇಡವೇ ಬೇಡ, ಕಾರ್ಡಾದ್ರೆ ಚಾರ್ಜ್‌ಬ್ಯಾಕ್ (ಬ್ಯಾಂಕ್ ಮೂಲಕ ದುಡ್ಡು ವಾಪಸ್ ಕೇಳೋ ಅರ್ಜಿ) ಹಾಕೋಕಾದ್ರೂ ಆಗತ್ತೆ. ಅದಕ್ಕೂ ಗಡುವಿದೆ, ವೀಸಾ, ಮಾಸ್ಟರ್‌ಕಾರ್ಡಲ್ಲಿ ಸಾಮಾನ್ಯವಾಗಿ 120 ದಿನ, ನಿಮ್ಮ ಬ್ಯಾಂಕಿನೋರು ಇನ್ನೂ ಕಮ್ಮಿ ಇಟ್ಟಿರಬಹುದು, ಹಾಗಾಗಿ ಏಜೆನ್ಸಿ "ನೋಡ್ತೀವಿ, ನೋಡ್ತೀವಿ" ಅಂತ ಎಳೆದಾಡಿಸ್ತಿದ್ರೆ ಕಾಯ್ಕೊಂಡು ಕೂರಬೇಡಿ. ನಾನು ಹಾಕಿದೀನಿ, ಹೋಟೆಲ್ ಮ್ಯಾನೇಜರ್ ಹತ್ರ "ಬುಕಿಂಗ್ ಇರಲಿಲ್ಲ" ಅಂತ ಲೆಟರ್ ಬರೆಸ್ಕೊಂಡು ಅದನ್ನೂ ಲಗತ್ತಿಸಿದೀನಿ, ಬ್ಯಾಂಕಿನೋರು ಇನ್ನೂ ಪರಿಶೀಲನೆಯಲ್ಲಿದೆ ಅಂತಿದಾರೆ.

ಇದೇ ಥರ ಫೋನು, ಫಾರ್ಮು ಬಂದಿರೋರು ಸ್ಕ್ರೀನ್‌ಶಾಟ್ ತೆಗೆದು ಸಂಘದ ಆಫೀಸಿಗೆ ಕಳಿಸಿ, ನಂದೊಂದೇ ದೂರು ಅಂತಾದ್ರೆ ಅವರು ಏನೂ ಮಾಡಲ್ಲ.