ಉಗ್ಗು ಗುಣಪಡಿಸುವ ಶಿಬಿರಕ್ಕೆ ಹಣ ಕಟ್ಟುವ ಮುನ್ನ

ಫೋನಿನಲ್ಲಿ ಮಾತನಾಡುವುದೇ ಹೊಟ್ಟೆಪಾಡಾಗಿರುವವರಿಗೆ ಉಗ್ಗು ಇದ್ದರೆ, ‘ಹತ್ತೇ ದಿನಗಳಲ್ಲಿ ಉಗ್ಗಿನಿಂದ ಶಾಶ್ವತ ಮುಕ್ತಿ’ ಎಂಬ ಜಾಹೀರಾತನ್ನು ನಂಬಿ ಹಣ ಕಟ್ಟುವ ಮೊದಲು ದಯವಿಟ್ಟು ಇದನ್ನು ಓದಬೇಕು. ಅಂತಹ ಒಂದು ಶಿಬಿರಕ್ಕೆ ನಾನು 28,000 ರೂಪಾಯಿ ಮುಂಗಡವಾಗಿ ಕಟ್ಟಿದ್ದೆ. ಹಣ ಹೋದದ್ದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಕಚೇರಿಯಲ್ಲಿ.

ನಾನು ಸಾಲ ಕೊಡುವ ಒಂದು ಖಾಸಗಿ ಸಂಸ್ಥೆಯ ನೌಕರ. ಮೊದಲು ಅರ್ಜಿ ಮತ್ತು ದಾಖಲೆಗಳನ್ನು ಪರಿಶೀಲಿಸುವ ವಿಭಾಗದಲ್ಲಿದ್ದವನನ್ನು ಗ್ರಾಹಕರ ಕರೆ ಸ್ವೀಕರಿಸುವ ವಿಭಾಗಕ್ಕೆ ಹಾಕಿದರು. ಉಗ್ಗುವವರಿಗೆ ಯಾವ ಪದ ಕೈಕೊಡಲಿದೆ ಎಂಬುದು ಅದು ಬಾಯಿಗೆ ಬರುವ ಮೊದಲೇ ಗೊತ್ತಾಗಿಬಿಡುತ್ತದೆ; ಆದ್ದರಿಂದ ನಮ್ಮಲ್ಲಿ ಅನೇಕರು ಆ ಪದವನ್ನು ಬಿಟ್ಟು ಅದೇ ಅರ್ಥದ ಇನ್ನೊಂದನ್ನು ಹಾಕಿ ದಾಟಿಕೊಳ್ಳುತ್ತೇವೆ. ‘ಕಂತು’ ತಡೆದರೆ ‘ಇಎಂಐ’ ಎನ್ನಬಹುದು. ಆದರೆ ಕರೆಯ ಮೊದಲ ಸಾಲು ಸಂಸ್ಥೆ ಬರೆದುಕೊಟ್ಟದ್ದು, ಅದರಲ್ಲಿ ಬರುವ ಸಂಸ್ಥೆಯ ಹೆಸರಿಗಾಗಲಿ ನನ್ನ ಹೆಸರಿಗಾಗಲಿ ಬದಲಿ ಪದವಿಲ್ಲ. ‘ನಮಸ್ಕಾರ’ ಎಂದ ಮೇಲೆ ತುಟಿಗಳು ಬಿಗಿದುಕೊಂಡು, ಉಸಿರು ಗಂಟಲಲ್ಲೇ ನಿಂತು, ಕೆಲವು ಸೆಕೆಂಡು ಸದ್ದೇ ಹೊರಡುವುದಿಲ್ಲ. ಎದುರಿಗೆ ಕುಳಿತವರಾದರೆ ಮುಖ ನೋಡಿ ಕಾಯುತ್ತಾರೆ; ಫೋನಿನ ಆ ತುದಿಯಲ್ಲಿರುವವರಿಗೆ ನೆಟ್‌ವರ್ಕ್ ಹೋಯಿತೆಂದೇ ಅನ್ನಿಸಿ, ‘ಹಲೋ, ಕೇಳಿಸ್ತಾ ಇದೆಯಾ?’ ಎಂದು ಕೂಗಿ ಕರೆ ಕಡಿಯುತ್ತಾರೆ. ಕರೆಗಳನ್ನು ಆಲಿಸಿ ಅಂಕ ಹಾಕುವ ಕ್ವಾಲಿಟಿ ತಂಡದವರ ಲೆಕ್ಕದಲ್ಲಿ ಅದು ‘ಡೆಡ್ ಏರ್’, ಅಂದರೆ ಕರೆಯ ನಡುವಿನ ಬರೀ ನಿಶ್ಶಬ್ದ. ಈ ಸ್ಥಿತಿಯಲ್ಲಿರುವವನು ಎಷ್ಟು ಬೇಕಾದರೂ ಕೊಡಲು ತಯಾರಿರುತ್ತಾನೆ ಎಂಬುದು ಶಿಬಿರ ನಡೆಸುವವರಿಗೆ ಚೆನ್ನಾಗಿ ಗೊತ್ತಿದೆ.

ಶಿಬಿರದ ಆರಂಭದಲ್ಲಿ ಪೂರ್ಣ ಮೌನ. ಆನಂತರ ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಒಂದೊಂದಾಗಿ ಒತ್ತುತ್ತಾ, ಒತ್ತಿಗೊಂದು ಅಕ್ಷರದಂತೆ ಎಳೆದು ಮಾತನಾಡುವ ಅಭ್ಯಾಸ. ಎಲ್ಲರೂ ಒಟ್ಟಿಗೆ ಪಾಠ ಓದುತ್ತಿದ್ದೆವು. ಒಂದೆರಡು ದಿನಗಳಲ್ಲೇ ಇಡೀ ಕೋಣೆಯಲ್ಲಿ ಉಗ್ಗುವವರು ಒಬ್ಬರೂ ಇರಲಿಲ್ಲ. ಹೆಸರು ಹೇಳಲು ಬಾರದೆ ಮದುವೆಯ ಮಾತುಕತೆಗಳಿಂದ ಎದ್ದು ಬಂದಿದ್ದವರೊಬ್ಬರು ಕಣ್ಣೀರು ಹಾಕಿದರು. ಇದರಲ್ಲಿ ಪವಾಡವೇನೂ ಇಲ್ಲ ಎಂಬುದು ನನಗೆ ತಿಳಿದದ್ದು ಆಮೇಲೆ. ತಾಳಕ್ಕೆ ಸರಿಯಾಗಿ ಮಾತನಾಡಿದಾಗ, ಹಾಡಿದಾಗ, ಇನ್ನೊಬ್ಬರ ಜೊತೆ ದನಿಗೂಡಿಸಿ ಓದಿದಾಗ, ಬಹಳ ನಿಧಾನವಾಗಿ ಎಳೆದಾಗ ಹೆಚ್ಚುಕಡಿಮೆ ಎಲ್ಲರ ಉಗ್ಗೂ ಆ ಕ್ಷಣಕ್ಕೆ ಇಳಿದುಹೋಗುತ್ತದೆ. ವಾಕ್ ಚಿಕಿತ್ಸಕರಿಗೆ ಇದು ಹಳೆಯ ವಿಷಯ. ತಾಳ ಬಿಟ್ಟು ಸಹಜ ವೇಗಕ್ಕೆ ಬಂದ ಕೂಡಲೇ ಅದು ಮರಳುತ್ತದೆ. ಶಿಬಿರದವರು ಅನುಭವ ಹೇಳಿಸಿ ವಿಡಿಯೋ ಮಾಡಿಕೊಳ್ಳುವುದು ಕೊನೆಯ ದಿನ, ಅಂದರೆ ಮಾತು ಅತ್ಯಂತ ಸರಾಗವಾಗಿರುವ ದಿನ. ಆರು ತಿಂಗಳ ನಂತರದ ವಿಡಿಯೋ ಒಂದಾದರೂ ಇದೆಯೇ ಎಂದು ಕೇಳಿ ನೋಡಿ.

ನನಗೆ ‘ಉಗ್ಗು ಸಂಪೂರ್ಣ ನಿವಾರಣೆಯಾಗಿದೆ’ ಎಂಬ ಪ್ರಮಾಣಪತ್ರವನ್ನೂ, ‘ಮೆದುಳಿನ ನರಗಳಿಗೆ’ ಎಂದು ಒಂದು ಡಬ್ಬಿ ಪುಡಿಯನ್ನೂ ಕೊಟ್ಟು ಕಳುಹಿಸಿದರು. ಪ್ರಮಾಣಪತ್ರವನ್ನು ಕಚೇರಿಗೆ ಒಪ್ಪಿಸಿದೆ. ಟೀಮ್ ಲೀಡರ್ ಸಂತೋಷಪಟ್ಟು, ಗ್ರಾಹಕರಿಗೆ ನಾವೇ ಕರೆ ಮಾಡಬೇಕಾದ ತಂಡಕ್ಕೆ ವರ್ಗಾಯಿಸಿದರು. ಅಲ್ಲಿ ಶಿಬಿರದಲ್ಲಿ ಕಲಿಸಿದಂತೆ ಅಕ್ಷರ ಅಕ್ಷರವಾಗಿ ಮಾತನಾಡಿದರೆ ಗ್ರಾಹಕರು ಅದನ್ನು ಯಂತ್ರದ ದನಿಯೆಂದು ತಿಳಿದು, ‘ರೆಕಾರ್ಡಿಂಗ್ ಬರ್ತಾ ಇದೆ’ ಎಂದು ಪಕ್ಕದವರಿಗೆ ಹೇಳಿ ಫೋನ್ ಇಡುತ್ತಿದ್ದರು. ವೇಗ ಹೆಚ್ಚಿಸಿದೆನೋ, ಉಗ್ಗು ಮೊದಲಿಗಿಂತ ಜೋರಾಗಿ ಬಂತು. ‘ಗುಣ ಆಗಿದೆ ಅಂತ ಸರ್ಟಿಫಿಕೇಟ್ ಕೊಟ್ಟಿದ್ರಲ್ಲಾ, ಈಗ್ಯಾಕೆ ಮತ್ತೆ ಹೀಗೆ?’ ಎಂಬ ಟೀಮ್ ಲೀಡರರ ಪ್ರಶ್ನೆಯಲ್ಲಿ ಸಿಟ್ಟಿಗಿಂತ ಅನುಮಾನವೇ ಹೆಚ್ಚಾಗಿತ್ತು. ಮೊದಲು ನನ್ನ ತೊಂದರೆ ಅವರಿಗೆ ತೊಂದರೆಯಾಗಿ ಕಾಣುತ್ತಿತ್ತು. ಆ ಕಾಗದ ಬಂದ ಮೇಲೆ ಅದು ಅಲಕ್ಷ್ಯವಾಗಿ ಕಾಣತೊಡಗಿತು. ಶಿಬಿರಕ್ಕೆ ಕರೆ ಮಾಡಿದರೆ, ದಿನಕ್ಕೆ ಎರಡು ಗಂಟೆ ಅಭ್ಯಾಸ ಮಾಡದಿರುವುದು ನನ್ನದೇ ತಪ್ಪೆಂದು ಹೇಳಿ, ಅರ್ಧ ಶುಲ್ಕಕ್ಕೆ ‘ಎರಡನೇ ಹಂತ’ಕ್ಕೆ ಬರಲು ಕರೆದರು.

ಆಮೇಲೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆ. 1965ರಲ್ಲಿ ಆರಂಭವಾದ ಈ ಕೇಂದ್ರ ಸರ್ಕಾರಿ ಸಂಸ್ಥೆ ನಮ್ಮ ರಾಜ್ಯದಲ್ಲೇ ಇರುವಾಗಲೂ ಜನ ಶಿಬಿರಗಳ ಬಾಗಿಲು ತಟ್ಟುವುದು ಬೇಸರದ ಸಂಗತಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ವಾಕ್ ಚಿಕಿತ್ಸೆಯ ವಿಭಾಗವಿದೆ. ಮೈಸೂರಿನ ಸಂಸ್ಥೆಯ ಚಿಕಿತ್ಸಕಿ ಮೊದಲು ನನ್ನ ಓದನ್ನೂ ಮಾತನ್ನೂ ದಾಖಲಿಸಿಕೊಂಡು, ಅವರೆದುರೇ ಒಂದು ಫೋನ್ ಕರೆ ಮಾಡಿಸಿದರು. ಗುಣಪಡಿಸುತ್ತೇನೆಂದು ಒಮ್ಮೆಯೂ ಹೇಳಲಿಲ್ಲ. ಉಗ್ಗು ಎಂಬುದು ನಾಲಿಗೆಯ ದೋಷವೂ ಅಲ್ಲ, ಪುಕ್ಕಲುತನವೂ ಅಲ್ಲ. ವಂಶವಾಹಿಗಳ ಪಾಲಿರುವ, ಮೆದುಳು ಮಾತನ್ನು ಹೊಂದಿಸುವ ರೀತಿಗೆ ಸಂಬಂಧಿಸಿದ ತೊಂದರೆ, ಹೆದರಿಕೆ ಅದನ್ನು ಹೆಚ್ಚಿಸುತ್ತದೆ ಅಷ್ಟೆ ಎಂದು ವಿವರಿಸಿದರು. ಪದ ಸಿಕ್ಕಿಕೊಂಡಾಗ ತಳ್ಳುವುದನ್ನು ನಿಲ್ಲಿಸಿ, ತುಟಿಯ ಬಿಗಿತ ಸಡಿಲಿಸಿ ಮೆಲ್ಲನೆ ಹೊರಬರುವುದನ್ನೂ, ಉಗ್ಗನ್ನು ಮುಚ್ಚಿಡದೆ ಕರೆಯ ಆರಂಭದಲ್ಲೇ ಹೇಳಿಬಿಡುವುದನ್ನೂ ಕಲಿಸುತ್ತಿದ್ದಾರೆ. ಅವರ ಪತ್ರದ ಆಧಾರದ ಮೇಲೆ, ಮೊದಲು ಕರೆಯ ವಿಷಯ ಹೇಳಿ ನಂತರ ಹೆಸರು ಹೇಳಲು ಕಚೇರಿ ಒಪ್ಪಿದೆ. ಈಗಲೂ ಉಗ್ಗುತ್ತೇನೆ, ಆದರೆ ಕಡಿದುಹೋಗುವ ಕರೆಗಳು ಕಡಿಮೆಯಾಗಿವೆ.

ಎಲ್ಲಿಗೇ ಹೋಗುವುದಿದ್ದರೂ, ಚಿಕಿತ್ಸೆ ಕೊಡುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯೇ ಎಂದು ಮೊದಲು ಕೇಳಿ. 1992ರ ಕಾಯಿದೆಯ ಪ್ರಕಾರ ಅದಿಲ್ಲದೆ ವಾಕ್ ಚಿಕಿತ್ಸೆ ನಡೆಸುವಂತಿಲ್ಲ. ನನ್ನ ಶಿಬಿರದ ‘ಗುರುಗಳು’ ಈ ಪ್ರಶ್ನೆಗೆ, ತಾವೂ ಉಗ್ಗುತ್ತಿದ್ದವರೇ, ಅನುಭವವೇ ತಮ್ಮ ಪದವಿ ಎಂದು ಉತ್ತರಿಸಿದ್ದರು. ಪುಡಿ ಕೊಡುವ ಜಾಗದಿಂದಂತೂ ಎದ್ದು ಬನ್ನಿ: ಔಷಧವೊಂದು ಗುಣಪಡಿಸುತ್ತದೆಂದು ಹೇಳಿಕೊಳ್ಳಬಾರದ ತೊಂದರೆಗಳ ಪಟ್ಟಿಯೊಂದು ಔಷಧ ನಿಯಮಗಳ ‘ಜೆ’ ಅನುಸೂಚಿಯಲ್ಲಿದೆ, ಅದರಲ್ಲಿ ಉಗ್ಗೂ ಸೇರಿದೆ. ಮಕ್ಕಳನ್ನು ಗುಣಪಡಿಸಿದ್ದೇವೆ ಎಂಬ ಮಾತಿಗೂ ಮರುಳಾಗಬೇಡಿ. ಎಳೆಯ ವಯಸ್ಸಿನಲ್ಲಿ ಉಗ್ಗತೊಡಗುವ ಮಕ್ಕಳಲ್ಲಿ ಹೆಚ್ಚಿನವರಿಗೆ ಅದು ತಾನಾಗಿಯೇ ಬಿಟ್ಟುಹೋಗುತ್ತದೆ.

ಈಗಾಗಲೇ ಹಣ ಕಳೆದುಕೊಂಡವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಇಲ್ಲವೇ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕಟ್ಟಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ನಾನು ಕೊಟ್ಟಿರುವ ದೂರಿನ ವಿಚಾರಣೆ ಇನ್ನೂ ನಡೆಯುತ್ತಿದೆ. ರಸೀದಿಯಲ್ಲಿ ‘ವ್ಯಕ್ತಿತ್ವ ವಿಕಸನ ತರಬೇತಿ’ ಎಂದು ಬರೆದಿರುವುದರಿಂದ ತಾವು ಉಗ್ಗಿನ ಚಿಕಿತ್ಸೆಗೆ ಹಣವನ್ನೇ ಪಡೆದಿಲ್ಲ ಎನ್ನುವುದು ಶಿಬಿರದವರ ವಾದ. ಅದಕ್ಕೆ ಎದುರಾಗಿ ನನ್ನ ಬಳಿ ಇರುವುದು ಆ ಪ್ರಮಾಣಪತ್ರದ ನಕಲು ಮತ್ತು ವಾಟ್ಸಾಪಿನಲ್ಲಿ ಅವರೇ ಕಳುಹಿಸಿದ ಜಾಹೀರಾತಿನ ಚಿತ್ರ. ಅಂತರ್ಜಾಲದಲ್ಲಿದ್ದ ಮೂಲ ಜಾಹೀರಾತನ್ನು ಅವರು ಈಗಾಗಲೇ ತೆಗೆದುಹಾಕಿದ್ದಾರೆ.